ನೀವು ಯಾರ ವಕೀಲರು

ಚಹಾ ತರಲು ಹೇಳಿದ್ದರು. ಅದು ಬರುವ ಮೊದಲೇ ಇಂಟರ್‌ವ್ಯೂ ಮುಗಿಯಿತು.

ಫೋರ್ಟಿನ ಹಳೆಯ ಕಟ್ಟಡವೊಂದರಲ್ಲಿ ಆ ಕಚೇರಿ. ಎದುರಿಗೆ ಇಬ್ಬರು ವಕೀಲರು ಕೂತಿದ್ದರು. ನಡುವೆ ಎರಡು ವರ್ಷ ಕೆಲಸ ಮಾಡಿಲ್ಲವಲ್ಲ ಎಂದು ಒಬ್ಬರು ಕೇಳಿದರು. ಹೌದು ಎಂದೆ. ವೈಯಕ್ತಿಕ ಕಾರಣವೇ ಎಂದರು. ಹೌದು ಎಂದೆ. ಈಗ ಎಲ್ಲ ಸರಿಹೋಗಿದೆಯೇ ಎಂದರು. ಗೊತ್ತಿಲ್ಲ ಎಂದೆ. ಇನ್ನೊಬ್ಬರು ಪೆನ್ನಿಗೆ ಕ್ಯಾಪು ಹಾಕಿದರು.

ಗೋರೆಗಾಂವಿನ ಲೋಕಲ್ ರೈಲಿನಲ್ಲಿ ಮನೆಗೆ ಬರುತ್ತ ಹರಿಣಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಹರಿಣಿ ನನ್ನ ಜೊತೆ ಲಾ ಓದಿದವಳು. ಮಂಗಳೂರಿನ ಕಡೆಯವರ ಮಗಳಾದರೂ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಈಗ ಲೋವರ್ ಪರೇಲಿನ ಒಂದು ದೊಡ್ಡ ಫರ್ಮಿನಲ್ಲಿದ್ದಾಳೆ. ಅಲ್ಲಿಗೆ ಸೇರಲು ಬರುವ ಜೂನಿಯರುಗಳ ಇಂಟರ್‌ವ್ಯೂಗೆ ಅವಳೂ ಕೂರುತ್ತಾಳೆ.

"ಗೊತ್ತಿಲ್ಲ ಅಂದ್ಯಾ? ಇಂಟರ್‌ವ್ಯೂನಲ್ಲಿ?"

"ಗೊತ್ತಿರಲಿಲ್ಲ."

"ಅರೇ ಯಾರ್. ನೀನು ಕ್ಯಾಂಡಿಡೇಟ್ ಹಾಗೆ ಕೂತೇ ಇಲ್ಲ. ವಿಟ್ನೆಸ್ ಹಾಗೆ ಕೂತಿದ್ದಿ."

ಅವಳು ಹೇಳಿದ್ದು ಸರಿ. ನಾನು ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡಿದವಳು. ಸಾಕ್ಷಿಗಳನ್ನು ತಯಾರು ಮಾಡುವ ಕೆಲಸವನ್ನು ಅವರು ನನಗೇ ಬಿಟ್ಟಿದ್ದರು. ಕೋರ್ಟಿನ ಹೊರಗಿನ ಬೆಂಚಿನಲ್ಲಿ ಸಾಕ್ಷಿಯನ್ನು ಕೂರಿಸಿಕೊಂಡು ಒಂದೇ ಮಾತು ಹೇಳುತ್ತಿದ್ದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಹೌದು, ಇಲ್ಲ, ಗೊತ್ತಿಲ್ಲ. ಕೇಳದೇ ಇದ್ದದ್ದನ್ನು ನೀವಾಗಿ ಹೇಳಿದರೆ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಹೇಳಿ ಹೇಳಿ ನನಗೇ ಅದು ಅಭ್ಯಾಸವಾಯಿತು. ಸಂದೀಪ ಹೋದಮೇಲೆ ಅನುಕೂಲಕ್ಕೂ ಬಂತು.

ಸಂದೀಪ ನನ್ನ ಗಂಡ. ಫಿಲ್ಮ್ ಸಿಟಿಯಲ್ಲಿ ಸೀರಿಯಲ್ ಸೆಟ್ಟುಗಳಿಗೆ ಲೈಟು ಬಾಡಿಗೆಗೆ ಕೊಡುವ ಕಂಪೆನಿಯಲ್ಲಿದ್ದ. ಒಂದು ಮಧ್ಯಾಹ್ನ ಸೆಟ್ಟಿನಲ್ಲಿ ಊಟಕ್ಕೆ ಕೂತವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಮೂವತ್ತನಾಲ್ಕು ವಯಸ್ಸು. ಆಮೇಲೆ ನಾನು ಕೋರ್ಟಿಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಹೋಗಲಿಲ್ಲ, ಅಷ್ಟೆ.

ಮನೆಗೆ ಬಂದು ಎರಡು ಫೋನುಗಳನ್ನೂ ಚಾರ್ಜಿಗೆ ಹಾಕಿ, ಅಕ್ಕಿ ತೊಳೆದೆ.

ಸಂದೀಪನ ಅಣ್ಣ ಸುಕೇಶ್ ಭಾವನಿಗೆ ಭಾಂಡುಪ್ ಸ್ಟೇಷನ್ನಿನ ಹತ್ತಿರ ಹೋಟೆಲು. ಮಾವ ಶುರು ಮಾಡಿದ್ದು. ಅತ್ತೆ ಸೇವಂತಿ ಗಲ್ಲಾದಲ್ಲಿ ಕೂರುತ್ತಾರೆ. ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುತ್ತೇವೆ. ಮಾಮಿಯ ಮಂಡಿ ಈಚೆಗೆ ಮಡಚುವುದಿಲ್ಲ. ಇತ್ತ ನನ್ನ ಗೋರೆಗಾಂವಿನ ಬಾಡಿಗೆ ಮನೆಯ ಅಗ್ರಿಮೆಂಟು ತಿಂಗಳ ಕೊನೆಗೆ ಮುಗಿಯುವುದಿತ್ತು. ಈ ಸಲ ಕೆಲಸದ ಪತ್ರ ತೋರಿಸಿದರೆ ಮಾತ್ರ ಮುಂದುವರಿಸುತ್ತೇನೆ ಎಂದಿದ್ದ ಮನೆಯ ಯಜಮಾನ. ಭಾವ ಇವೆರಡನ್ನೂ ಸೇರಿಸಿ ಒಂದು ತೀರ್ಮಾನಕ್ಕೆ ಬಂದರು. ಯಕ್ಷಿತಾ ಭಾಂಡುಪಿಗೆ ಬರಲಿ. ಗಲ್ಲಾದಲ್ಲಿ ಕೂರಲಿ. ಹೊರಗೆ ಎಲ್ಲೋ ಅಲೆಯುವುದಕ್ಕಿಂತ ಮನೆಯವರ ನಡುವೆ ಇದ್ದ ಹಾಗಾಯಿತು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಹೋಟೆಲಿಗೆ ಬರುವವರಲ್ಲಿ ಅರ್ಧ ಜನ ಸಂದೀಪನನ್ನು ಚಡ್ಡಿ ಹಾಕುವ ವಯಸ್ಸಿನಿಂದ ಬಲ್ಲವರು. ಬಿಲ್ಲು ಕೊಡುವಾಗ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ನೋಟಕ್ಕೆ ಮುಖ ಕೊಟ್ಟು ಕೂರುವುದು ನನ್ನಿಂದ ಆಗುವುದಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಇನ್ನೊಂದು ಇಂಟರ್‌ವ್ಯೂ ಬಾಕಿ ಇತ್ತು. ಅಂಧೇರಿಯ ಒಂದು ಫರ್ಮು. ಹರಿಣಿಯೇ ನನ್ನ ಹೆಸರು ಕಳಿಸಿದ್ದಳು. ಅದೂ ಕೈತಪ್ಪಿದರೆ ಗಲ್ಲಾ.

ಶನಿವಾರ ಹರಿಣಿ ನನ್ನನ್ನು ತಯಾರು ಮಾಡಲು ಭಾಂಡುಪಿಗೇ ಬಂದಳು. ಬನ್ಸ್ ಸಿಗುತ್ತದೆಂದರೆ ಅವಳು ಎಲ್ಲಿಗೆ ಬೇಕಾದರೂ ಬರುತ್ತಾಳೆ. ಊಟದವರು ಹೋಗಿ ಸಂಜೆಯ ಚಹಾದವರು ಬರುವ ಮೊದಲಿನ ಹೊತ್ತು. ಮೂಲೆಯ ಮೇಜಿನಲ್ಲಿ ಕೂತೆವು. ಭಾವ ಪಕ್ಕದ ಮೇಜಿನಲ್ಲಿ ಪೇಪರು ಹರಡಿಕೊಂಡು ನಮ್ಮ ಮಾತನ್ನೇ ಕೇಳುತ್ತಿದ್ದರು.

"ಫಸ್ಟ್, ಹಳೇ ಬಾಸ್ ಬಗ್ಗೆ ಕೆಟ್ಟದ್ದು ಮಾತಾಡ್ಬಾರ್ದು," ಹರಿಣಿ ಹೇಳಿದಳು.

"ಮಾತಾಡುವುದಿಲ್ಲ."

"ನಿನ್ನ ಪ್ರಾಬ್ಲೆಮ್ ಅದೇ. ಒಳ್ಳೇದೂ ಮಾತಾಡೋದಿಲ್ಲ. ಆಮೇಲೆ ಹಳೇ ಕ್ಲೈಂಟ್ ಹೆಸರು ಎತ್ತಬಾರ್ದು. ಇಂಪ್ರೆಸ್ ಮಾಡ್ಲಿಕ್ಕೆ ಲಾಯರ್ಸ್ ಎಲ್ಲ ಇದೇ ಮಾಡ್ತಾರೆ. ಆ ಬಿಲ್ಡರ್ ನಮ್ಮ ಕ್ಲೈಂಟ್, ಆ ಹೀರೋ ಡಿವೋರ್ಸ್ ಪೇಪರ್ ನಾನೇ ಬರೆದದ್ದು. ನಾಳೆ ನಮ್ಮ ಕ್ಲೈಂಟ್ ವಿಷಯ ಇನ್ನೊಂದು ಕಡೆ ಹೇಳ್ತಾನೆ ಇವನು ಅಂತ ನಾವು ಅಲ್ಲೇ ಕಟ್ ಮಾಡ್ತೇವೆ."

"ಯಾವ ಹೀರೋ?" ಭಾವ ಕೇಳಿದರು.

"ಹೇಳ್ಬಾರ್ದು ಅಂತ್ಲೇ ಹೇಳ್ತಾ ಇರೋದು ಸುಕೇಶಣ್ಣ."

"ನಮ್ಮ ಹತ್ರ ಹೇಳಿದ್ರೆ ಎಂತ? ನಾವೇನು ಇಂಟರ್‌ವ್ಯೂ ಮಾಡ್ತೇವಾ?"

"ಮತ್ತೆ, ಪ್ಯಾನೆಲ್ ಜೊತೆ ಆರ್ಗ್ಯು ಮಾಡ್ಬಾರ್ದು. ಅವರು ತಪ್ಪು ಹೇಳಿದ್ರೂ ತಿದ್ದಬಾರ್ದು. ಲಾಯರ್ಸಿಗೆ ಇದು ಬಹಳ ಕಷ್ಟ, ಕೋರ್ಟ್ ಅಂದ್ಕೊಂಡು ಬಿಡ್ತಾರೆ. ಕಂಡೀಶನ್ ಹಾಕ್ಬಾರ್ದು. ಲಾಸ್ಟಿಗೆ ನಮ್ಮ ಹತ್ರ ಏನಾದ್ರೂ ಕೇಳ್ಲಿಕ್ಕೆ ಉಂಟಾ ಅಂದ್ರೆ ಇಲ್ಲ ಅನ್ಬಾರ್ದು."

ಭಾವ ಪೇಪರು ಮಡಚಿದರು. "ಇಷ್ಟೆಲ್ಲ ಯಾಕೆ ಮಾರಾಯ್ತಿ? ನಾನು ವಾರಕ್ಕೊಂದು ಇಂಟರ್‌ವ್ಯೂ ಮಾಡುವವ. ಎರಡೇ ಪ್ರಶ್ನೆ. ಊರು ಯಾವುದು? ಯಾರು ಕಳಿಸಿದ್ದು?"

"ಅಷ್ಟರಲ್ಲಿ ಜನ ಹೇಗೆ ಅಂತ ಗೊತ್ತಾಗ್ತದಾ?"

"ಜನ ಹೇಗೆ ಅಂತ ಗೊತ್ತಾಗುದಿಲ್ಲ. ಓಡಿಹೋದ್ರೆ ಯಾರನ್ನು ಹಿಡಿಯುದು ಅಂತ ಗೊತ್ತಾಗ್ತದೆ."

ಬನ್ಸ್ ತಂದಿಟ್ಟ ಐತ ಈ ಹೋಟೆಲಿನ ಹಳೆಯ ವೇಟರು, ಮಾವನ ಕಾಲದವನು. "ನನ್ನನ್ನು ಕಳಿಸಿದವ ಸತ್ತು ಎಷ್ಟೋ ವರ್ಷ ಆಯ್ತು ಧನಿಗಳೇ. ಇನ್ನು ಓಡಬಹುದಾ?" ಎಂದ.

"ಸಾಂಬಾರಿನ ಬಕೆಟು ತೊಳೆದಿಟ್ಟು ಓಡು," ಎಂದರು ಮಾಮಿ ಗಲ್ಲಾದಿಂದ.

ಹರಿಣಿ ನಗು ಮುಗಿಸಿ ನನ್ನ ಕಡೆ ತಿರುಗಿದಳು. "ಗ್ಯಾಪ್ ಬಗ್ಗೆ ಕೇಳ್ತಾರೆ. ಕೇಳೇ ಕೇಳ್ತಾರೆ. ಸಂದೀಪನ ವಿಷಯ ನೀನೇ ಹೇಳು. ಎರಡು ಸೆಂಟೆನ್ಸ್. ಈಗ ಹೇಳಿ ತೋರಿಸು."

"ನನ್ನ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡರು. ಅದಕ್ಕೆ ಕೆಲಸ ಬಿಟ್ಟಿದ್ದೆ."

ಹರಿಣಿ ಬನ್ಸನ್ನು ತಟ್ಟೆಯಲ್ಲಿಟ್ಟಳು. "ಸ್ವಲ್ಪ ಫೀಲಿಂಗ್ ಬರ್ಬೇಕು ಯಾರ್. ಟ್ರೈನ್ ಟೈಮಿಂಗ್ ಹೇಳಿದ ಹಾಗೆ ಹೇಳ್ತಿ."

"ಅವಳಿಗೆ ಅಳು ಬರುವುದಿಲ್ಲ ಹರಿಣಿ," ಎಂದರು ಮಾಮಿ. ಗಲ್ಲಾದ ಮೇಲಿನ ಸೋಂಪಿನ ಬಟ್ಟಲನ್ನು ಸರಿಮಾಡುತ್ತ ಹೇಳಿದ್ದು. "ಬೊಜ್ಜದ ದಿನ ಊರಿನಿಂದ ಬಂದವರೆಲ್ಲ ಅತ್ತರು. ಇವಳು ಎಲೆ ಎಷ್ಟು ಬೇಕು ಅಂತ ಕೇಳ್ತಿದ್ದಳು."

ಕೇಳಿದ್ದು ನಿಜ. ಸಂದೀಪನ ಉತ್ತರಕ್ರಿಯೆಯ ಊಟಕ್ಕೆ ಎಲೆ ಕಡಿಮೆ ಬಿದ್ದಿತ್ತು. ಮಾಮಿಯ ಮಾತಿನಲ್ಲಿ ದೂರು ಇತ್ತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಅಂಧೇರಿಯ ಫರ್ಮಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಹೋದೆ. ಅಪಘಾತ ಪರಿಹಾರದ ಕೇಸುಗಳು ಅವರಲ್ಲಿ ಹೆಚ್ಚು. ಅವರ ಕಕ್ಷಿದಾರರು ವಿಮಾ ಕಂಪೆನಿಗಳು. ಲಾರಿಯೋ ಬಸ್ಸೋ ಬಡಿದು ಯಾರಾದರೂ ಸತ್ತರೆ ಮನೆಯವರು ಪರಿಹಾರ ಕೇಳುತ್ತಾರೆ, ಕಂಪೆನಿಯ ಪರವಾಗಿ ಈ ಫರ್ಮು ವಾದಿಸುತ್ತದೆ. ಅದು ತಪ್ಪು ಕೆಲಸವೆಂದು ನನಗೆ ಅನಿಸಲಿಲ್ಲ. ಯಾರಾದರೂ ವಾದಿಸಲೇಬೇಕು.

ಒಳಗೆ ಇಬ್ಬರಿದ್ದರು. ಫರ್ಮಿನ ಮುಖ್ಯಸ್ಥೆ ಮೋಹಿನಿ ಮೇಡಂ. ಐವತ್ತು ದಾಟಿದವರು, ಕೂದಲನ್ನು ನೆರೆತ ಹಾಗೇ ಬಿಟ್ಟಿದ್ದರು, ಕಾಟನ್ ಸೀರೆ. ಪಕ್ಕದಲ್ಲಿ ಅಮೋಲ್, ಅವರ ಜೊತೆಯ ಪಾಲುದಾರರು, ನನಗಿಂತ ಸ್ವಲ್ಪ ದೊಡ್ಡವರು. ನನ್ನ ಜೊತೆ ಇಂಗ್ಲಿಷಿನಲ್ಲಿ, ತಮ್ಮತಮ್ಮಲ್ಲಿ ಮರಾಠಿಯಲ್ಲಿ ಮಾತಾಡಿದರು.

"ನಿಮ್ಮ ರೆಸ್ಯೂಮ್ ಆಮೇಲೆ ನೋಡೋಣ," ಎಂದರು ಅಮೋಲ್. "ಮೊದಲು ಒಂದು ಕೆಲಸ ಕೊಡುತ್ತೇವೆ."

ಒಂದು ಹಾಳೆ ಕೊಟ್ಟರು. ಅದರಲ್ಲಿ ಅವರೇ ಕಟ್ಟಿದ ಒಂದು ಪ್ರಕರಣ. ಧಾರಾವಿಯಲ್ಲಿ ಚರ್ಮದ ಬ್ಯಾಗು ಹೊಲಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದವನು ನೀರಿನ ಟ್ಯಾಂಕರ್ ಬಡಿದು ಸತ್ತಿದ್ದಾನೆ. ಅವನ ದುಡಿಮೆ ಎಷ್ಟೆಂಬುದಕ್ಕೆ ಕಾಗದಪತ್ರ ಇಲ್ಲ. ಹೆಂಡತಿ ವಕೀಲರನ್ನಿಟ್ಟು ಪರಿಹಾರದ ಅರ್ಜಿ ಹಾಕಿದ್ದಾಳೆ. ಅವಳು ನಿಮ್ಮ ಎದುರಿಗೆ ಕೂತಿದ್ದಾಳೆ. ಹತ್ತು ನಿಮಿಷ ಸಮಯವಿದೆ.

"ಮೇಡಂ ಆ ಹೆಂಡತಿಯ ಪಾತ್ರ ಮಾಡುತ್ತಾರೆ. ಶುರು ಮಾಡುವ ಮೊದಲು ಏನಾದರೂ ಕೇಳುವುದಿದೆಯೇ?"

"ಇಲ್ಲ," ಎಂದೆ.

ಮೋಹಿನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮುಖ ಮುಚ್ಚಿಕೊಂಡು ಹಿಂದಿಯಲ್ಲಿ ಅಳತೊಡಗಿದರು. ನನ್ನದೆಲ್ಲ ಹೋಯಿತು ಮೇಡಂ, ನನ್ನ ಮಕ್ಕಳಿಗೆ ಇನ್ನು ಯಾರು, ಆ ದೇವರಿಗೆ ಕಣ್ಣಿಲ್ಲವೇ. ಭುಜ ಕುಲುಕುತ್ತಿತ್ತು. ಚೆನ್ನಾಗಿ ಅಳುತ್ತಿದ್ದರು. ಸಂದೀಪನ ಕಂಪೆನಿಯ ಲೈಟುಗಳ ಕೆಳಗೆ ಹೀಗೆ ಅಳುವವರನ್ನು ನಾನು ನೋಡಿದ್ದೆ. ಟೇಕ್ ಸರಿಬಂದಮೇಲೆ ಅವರು ಚಹಾ ಕುಡಿಯುತ್ತಿದ್ದರು.

ಮೇಜಿನ ಮೇಲೆ ನನಗೆಂದು ಇಟ್ಟ ನೀರಿನ ಲೋಟವಿತ್ತು. ಅದನ್ನು ಅವರ ಕಡೆಗೆ ಸರಿಸಿದೆ. ಅವರು ಕುಡಿಯಲಿಲ್ಲ.

"ಅವರ ಫೋನು ಈಗ ಯಾರ ಹತ್ತಿರ ಇದೆ?" ಎಂದು ಕೇಳಿದೆ.

ಅಳು ನಿಂತಿತು. "ಫೋನೇ?"

"ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ. ವಾಚು, ಬೆಲ್ಟು, ಫೋನು."

"ಹೌದು. ನನ್ನ ಹತ್ತಿರ ಇದೆ."

"ಚಾರ್ಜ್ ಮಾಡುತ್ತೀರಲ್ಲ?"

"ಯಾಕೆ ಮಾಡಲಿ? ಅವರೇ ಇಲ್ಲ."

"ಮಾಡುತ್ತೀರಿ. ಆಫ್ ಆಗಲು ಬಿಡುವುದಿಲ್ಲ. ಅದು ರಿಂಗ್ ಆಗುತ್ತಿರುತ್ತದೆ. ಯಾರು ಎತ್ತುತ್ತಾರೆ?"

ಮೋಹಿನಿ ಹಾಳೆಯ ಕಡೆ ನೋಡಿದರು. ಹಾಳೆಯಲ್ಲಿ ಅದು ಇರಲಿಲ್ಲ. "ನಾನೇ," ಎಂದರು.

"ಮೊದಲು ಮಾಡಿದವರು ಯಾರು?"

"ಅಂಗಡಿಯವರು. ಮಾಲು ಇನ್ನೂ ಬಂದಿಲ್ಲ ಎಂದು."

"ನೀವು ಏನು ಹೇಳಿದಿರಿ?"

"ಅವರು ತೀರಿಕೊಂಡರು ಎಂದೆ. ಅಯ್ಯೋ ಪಾಪ ಎಂದು ಅವರೂ ಅತ್ತರು."

"ಅವರು ಅಳುವುದಿಲ್ಲ," ಎಂದೆ. "ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಮಾಲಿನ ವಿಷಯಕ್ಕೇ ಬರುತ್ತಾರೆ. ಬರಲೇಬೇಕು, ಅವರಿಗೂ ಗಿರಾಕಿಗಳು ಕಾಯುತ್ತಿರುತ್ತಾರೆ. ಯಾವ ಬಣ್ಣದ ಬ್ಯಾಗು, ಎಷ್ಟು, ಯಾವತ್ತು ಕೊಡಬೇಕಾಗಿತ್ತು. ನಿಮಗೆ ಗೊತ್ತಿರಲಿಲ್ಲ. ಅವರು ಹೇಳಿದ್ದರಿಂದ ಗೊತ್ತಾಯಿತು. ಅದನ್ನು ಹೇಳಿ."

ಮೋಹಿನಿ ಹೇಳತೊಡಗಿದರು. ಕಂದು ಬಣ್ಣದ್ದು. ಮದುವೆಯ ಸೀಸನ್ನಿಗೆ ಬೇಕಾಗಿತ್ತು. ಕ್ರಾಫರ್ಡ್ ಮಾರ್ಕೆಟ್ಟಿನ ಒಂದು ಅಂಗಡಿ, ಸೂರತ್ತಿನ ಇನ್ನೊಂದು. ಚರ್ಮ ಕೊಡುವವನೂ ಫೋನು ಮಾಡಿದ್ದ. ಜಿಪ್ಪು ಕೊಡುವವನೂ ಮಾಡಿದ್ದ. ಸೆರಗು ತಲೆಯಿಂದ ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಈಗ ಅವರ ದನಿ ಬೇರೆಯಾಗಿತ್ತು. ಸ್ವಲ್ಪ ಸುಸ್ತಾದವರ ದನಿ.

"ಈ ಜನರ ಹೆಸರು ಫೋನಿನಲ್ಲಿ ಇರುತ್ತದೆ," ಎಂದೆ. "ಅವರನ್ನು ಸಾಕ್ಷಿಗೆ ಕರೆಯೋಣ. ನಿಮ್ಮ ಹತ್ತಿರ ಕಾಗದ ಇಲ್ಲದಿದ್ದರೂ ಇಷ್ಟು ಕೆಲಸ ನಡೆಯುತ್ತಿತ್ತು ಎಂದು ಅವರು ಹೇಳುತ್ತಾರೆ. ಫೋನನ್ನು ಯಾರಿಗೂ ಕೊಡಬೇಡಿ. ಮತ್ತೆ, ಕೋರ್ಟಿನಲ್ಲಿ ಮೊದಲು ಅತ್ತ ಹಾಗೆ ಅಳಬೇಡಿ. ಬಂದರೆ ಸರಿ. ಬರದಿದ್ದರೆ ತರಬೇಡಿ."

"ಅಳದಿದ್ದರೆ ನಂಬುತ್ತಾರೆಯೇ?" ಅದನ್ನು ಕೇಳಿದ್ದು ಧಾರಾವಿಯ ಹೆಂಗಸೋ ಮೋಹಿನಿಯೋ ನನಗೆ ತಿಳಿಯಲಿಲ್ಲ.

"ಕೇಳಿದ್ದಕ್ಕೆ ಉತ್ತರ ಹೇಳಿ. ಸಾಕು."

ಅಮೋಲ್ ಸಮಯವಾಯಿತು ಎಂದರು. ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

"ಒಂದು ಪ್ರಶ್ನೆ. ನೀವು ಯಾರ ವಕೀಲರು?"

"ಇವರ," ಎಂದು ಮೋಹಿನಿಯನ್ನು ತೋರಿಸಿದೆ.

"ಹಾಳೆಯಲ್ಲಿ ಹಾಗೆ ಬರೆದಿದೆಯೇ?"

ಮತ್ತೊಮ್ಮೆ ಓದಿದೆ. ಬರೆದಿರಲಿಲ್ಲ.

"ಈ ಕಚೇರಿ ಯಾರ ಪರ ವಾದಿಸುತ್ತದೆ?"

"ವಿಮಾ ಕಂಪೆನಿಗಳ ಪರ."

"ಒಳಗೆ ಬರುವಾಗ ಅದು ಗೊತ್ತಿತ್ತೇ?"

"ಗೊತ್ತಿತ್ತು."

"ಅಂದರೆ ಇವರು ಎದುರು ಪಕ್ಷದವರು. ಇವರಿಗೆ ವಕೀಲರಿದ್ದಾರೆ ಎಂದೂ ಬರೆದಿದೆ. ನೀವು ಇವರ ಹತ್ತಿರ ಮಾತೇ ಆಡುವ ಹಾಗಿರಲಿಲ್ಲ."

ಅದು ವಕೀಲಿಯ ಮೊದಲ ಪಾಠಗಳಲ್ಲಿ ಒಂದು. ಎದುರು ಪಕ್ಷದವರಿಗೆ ವಕೀಲರಿದ್ದರೆ ಏನೇ ಹೇಳುವುದಿದ್ದರೂ ಆ ವಕೀಲರಿಗೆ ಹೇಳಬೇಕು. ಅದಕ್ಕೂ ಮೊದಲಿನದು, ನಾನು ಯಾರ ಪರ ಎಂದು ತಿಳಿಯದೆ ಬಾಯಿ ತೆರೆಯಬಾರದು. ಹರಿಣಿ ಇದನ್ನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದೀತು ಎಂದು ಅವಳಿಗೆ ಅನಿಸಿರಲಾರದು.

"ಬೇಸರ ಮಾಡಬೇಡಿ, ಎಲ್ಲರೂ ಇಲ್ಲೇ ಬೀಳುತ್ತಾರೆ," ಎಂದರು ಅಮೋಲ್. "ಎದುರಿಗೆ ಗಂಡ ಸತ್ತವಳು ಕೂತಿದ್ದರೆ ನಾನು ಯಾರ ಪರ ಎಂದು ಯಾರೂ ಕೇಳುವುದಿಲ್ಲ. ಆದರೆ ಉಳಿದವರು ಬಿದ್ದು ಸುಮ್ಮನಾಗುತ್ತಾರೆ. ನೀವು ಹತ್ತು ನಿಮಿಷದಲ್ಲಿ ನಮ್ಮ ವಿರುದ್ಧ ಕೇಸನ್ನೇ ಕಟ್ಟಿಕೊಟ್ಟಿರಿ."

ಮೋಹಿನಿ ಸೆರಗನ್ನು ಸರಿಮಾಡಿಕೊಂಡು ಆ ಲೋಟದ ನೀರನ್ನು ಕುಡಿದರು. "ಫೋನಿನ ವಿಷಯ ಹಾಳೆಯಲ್ಲಿ ಇಲ್ಲ. ಎಲ್ಲಿಂದ ಬಂತು?"

ಕೇಳಿದ್ದರಿಂದ ಹೇಳಿದೆ. "ನನ್ನ ಗಂಡನ ಫೋನು ನನ್ನ ಹತ್ತಿರ ಇದೆ. ಸೆಟ್ಟುಗಳಿಗೆ ಲೈಟು ಕಳಿಸುವ ಕೆಲಸ ಅವರದು. ನಾಳೆ ಎಷ್ಟು ಲೈಟು, ಎಷ್ಟು ಗಂಟೆಗೆ ಎಂದು ಸೆಟ್ಟಿನವರು ಫೋನು ಮಾಡಿ ಕೇಳುತ್ತಿದ್ದರು. ಬಹಳ ದಿನ ಕೇಳಿದರು."

ಅಮೋಲ್ ಅವರ ಕೈ ನನ್ನ ರೆಸ್ಯೂಮಿನ ಮೇಲಿತ್ತು. ಅದನ್ನು ಒಮ್ಮೆ ನೋಡಿ ಮಗುಚಿ ಇಟ್ಟರು. ಗ್ಯಾಪ್ ಬಗ್ಗೆ ಕೇಳಲಿಲ್ಲ.

"ಇದೇ ಪ್ರಶ್ನೆಗಳನ್ನು ನೀವು ಕಂಪೆನಿಯ ಪರವಾಗಿ ಕೋರ್ಟಿನಲ್ಲಿ ಕೇಳಬಹುದು," ಎಂದರು ಮೋಹಿನಿ. "ಇಲ್ಲದ ದುಡಿಮೆಯನ್ನು ತೋರಿಸುವವರೂ ಇರುತ್ತಾರೆ. ಅವರು ಫೋನಿನ ಹತ್ತಿರ ಸಿಕ್ಕಿಬೀಳುತ್ತಾರೆ. ಕೇಳುತ್ತೀರಾ?"

"ಅಂಥವರನ್ನು ಕೇಳುತ್ತೇನೆ. ಉಳಿದವರನ್ನು ನಾನು ಕೇಳಿದರೆ ಅವರು ನಿಜವನ್ನೇ ಹೇಳುತ್ತಾರೆ. ಅದು ಕಂಪೆನಿಯ ಉಪಯೋಗಕ್ಕೆ ಬರುವುದಿಲ್ಲ."

"ಷರತ್ತು ಹಾಕುತ್ತಿದ್ದೀರಾ?" ಎಂದರು ಅಮೋಲ್.

"ಇಲ್ಲ. ಏನಾಗುತ್ತದೆ ಎಂದು ಹೇಳಿದೆ."

"ಸರಿ. ನಮ್ಮನ್ನು ಏನಾದರೂ ಕೇಳುವುದಿದೆಯೇ?"

ಇಲ್ಲ ಅನ್ನಬಾರದು ಎಂದು ಹರಿಣಿ ಹೇಳಿದ್ದು ನೆನಪಾಯಿತು. ಬೇರೇನೂ ಹೊಳೆಯಲಿಲ್ಲ. "ಹಾಳೆಯಲ್ಲಿ ಟ್ಯಾಂಕರಿಗೆ ನಂಬರು ಕೊಟ್ಟಿದ್ದೀರಿ," ಎಂದೆ. "ಆ ಹೆಂಗಸಿಗೆ ಯಾಕೆ ಹೆಸರಿಲ್ಲ?"

ಇಬ್ಬರೂ ಹಾಳೆಯನ್ನು ನೋಡಿದರು. ತಿಳಿಸುತ್ತೇವೆ ಎಂದರು.

ಸಂಜೆ ಹರಿಣಿಯ ಫೋನು ಬಂತು. ನಡೆದದ್ದನ್ನು ಹೇಳಿದೆ. ಮೊದಮೊದಲು ಅರೇ, ಅರೇ ಎನ್ನುತ್ತಿದ್ದವಳು ಆಮೇಲೆ ಒಂದೊಂದಾಗಿ ಕೇಳತೊಡಗಿದಳು.

"ಯಾರ ಲಾಯರ್ ಅಂತ್ಲೇ ಕೇಳ್ಲಿಲ್ಲ?"

"ಕೇಳಲಿಲ್ಲ."

"ಮೇಡಮ್ಮನ್ನ ತಿದ್ದಿದಿ."

"ಅಂಗಡಿಯವರು ಅಳುವುದಿಲ್ಲ ಹರಿಣಿ."

"ಕಂಡೀಶನ್ ಹಾಕಿದಿ."

"ಅವರು ಹಾಗೆ ತಿಳಿದುಕೊಂಡರು."

"ಲಾಸ್ಟಿಗೆ ಪ್ರಶ್ನೆ ಕೇಳು ಅಂದ್ರೆ ಅವರ ಪೇಪರಿನ ತಪ್ಪು ಹುಡುಕಿದಿ. ಹಳೇ ಬಾಸಿಗೆ ಬೈದ್ಯಾ?"

"ಇಲ್ಲ."

"ಥ್ಯಾಂಕ್ ಗಾಡ್. ಒಂದಾದ್ರೂ ಉಳಿಸಿದಿ."

ಎರಡು ದಿನ ಕಾದೆ. ಮೂರನೆಯ ದಿನ ಭಾವ ಫೋನು ಮಾಡಿ, ಸುಮ್ಮನೆ ಬಂದು ಗಲ್ಲಾ ನೋಡಿಕೊಂಡು ಹೋಗು, ಮಾಮಿ ಇರುವಾಗಲೇ ಕಲಿತರೆ ಒಳ್ಳೆಯದು ಎಂದರು. ಮುಲುಂಡಿನ ಬಸ್ಸು ಹಿಡಿದು ಭಾಂಡುಪಿನಲ್ಲಿ ಇಳಿದೆ. ಮಾಮಿ ತಮ್ಮ ಎತ್ತರದ ಸ್ಟೂಲನ್ನು ನನಗೆ ಬಿಟ್ಟು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು. ಪಾರ್ಸೆಲ್ ಕೇಳಿದವರಿಗೆ ಯಾವ ಚೀಟಿ, ಮೊಬೈಲಿನಲ್ಲಿ ಹಣ ಹಾಕಿದೆ ಎಂದವರ ಹತ್ತಿರ ಏನು ನೋಡಬೇಕು, ಹಳೇ ಗಿರಾಕಿಗಳಲ್ಲಿ ಯಾರನ್ನು ಮಾತಾಡಿಸಬೇಕು, ಯಾರನ್ನು ಮಾತಾಡಿಸಿದರೆ ಎದ್ದು ಹೋಗುವುದಿಲ್ಲ, ಎಲ್ಲ ಹೇಳಿಕೊಟ್ಟರು. ಕಷ್ಟದ್ದೇನೂ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಬಂದ ಹಿರಿಯರೊಬ್ಬರು ಚೀಟಿ ಕೊಟ್ಟು ನನ್ನ ಮುಖವನ್ನೇ ನೋಡಿದರು. "ನಮ್ಮ ಸಂದೀಪನ ಹೆಂಡತಿ ಅಲ್ವಾ?"

"ಹೌದು."

"ಎಂಥ ಹುಡುಗ. ನನ್ನ ಹೆಗಲ ಮೇಲೆ ಕೂತು ಗಣಪತಿ ನೋಡಿದವ." ಅವರ ಕಣ್ಣು ತುಂಬಿತು. ನಾನು ಏನಾದರೂ ಹೇಳುತ್ತೇನೆಂದು ನಿಂತಿದ್ದರು. ಸೋಂಪಿನ ಬಟ್ಟಲನ್ನು ಅವರ ಮುಂದೆ ಹಿಡಿದೆ. ಅವರು ಚಿಟಿಕೆ ತೆಗೆದುಕೊಂಡು ಹೋದರು. ಅವರ ಹಿಂದೆ ಇನ್ನೂ ನಾಲ್ಕು ಜನ ಇದ್ದರು, ಅದರಲ್ಲಿ ಇಬ್ಬರು ಆಗಲೇ ನನ್ನನ್ನು ನೋಡುತ್ತಿದ್ದರು.

ಆಗ ಫೋನು ಬಂತು. ಮೋಹಿನಿ.

"ಆ ಪರೀಕ್ಷೆಯಲ್ಲಿ ನೀವು ಫೇಲು," ಎಂದರು. "ಅದನ್ನು ನಾನು ಬದಲಿಸುವುದಿಲ್ಲ."

"ಸರಿ."

"ಕೇಳಿ. ಲೋಕ ಅದಾಲತ್ ಕೂರುವ ಮೊದಲು ನಾವು ಕಂಪೆನಿಗೆ ಬರೆದುಕೊಡಬೇಕು. ಯಾವ ಕೇಸನ್ನು ಕೋರ್ಟಿನಲ್ಲಿ ನಡೆಸಬೇಕು, ಯಾವುದನ್ನು ಅಲ್ಲೇ ರಾಜಿಯಲ್ಲಿ ಮುಗಿಸಬೇಕು ಎಂದು. ನಮ್ಮ ಹುಡುಗರು ಎಲ್ಲದಕ್ಕೂ ನಡೆಸಿ ಎಂದೇ ಬರೆಯುತ್ತಾರೆ. ವರ್ಷಗಟ್ಟಲೆ ನಡೆಸಿ ಸೋಲುತ್ತೇವೆ. ಆಮೇಲೆ ಕಂಪೆನಿಯವರ ಮಾತು ನಾನು ಕೇಳಬೇಕು. ರಾಜಿಯ ಮಾತುಕತೆಗೆ ಆ ಹೆಂಗಸರು ಬರುತ್ತಾರೆ. ಅವರ ವಕೀಲರೂ ಪಕ್ಕದಲ್ಲೇ ಇರುತ್ತಾರೆ, ಹಾಗಾಗಿ ನೀವು ಮಾತಾಡಬಹುದು. ಯಾರ ಜೊತೆ ಹೋರಾಡಬಾರದು ಎಂದು ನೀವು ನನಗೆ ಹೇಳಬೇಕು."

"ಎಲ್ಲರ ಜೊತೆಗೂ ಬೇಡ ಎಂದು ಹೇಳುವುದಿಲ್ಲ."

"ಗೊತ್ತು. ನನ್ನ ಅಳುವನ್ನು ನೀವು ನಂಬಲಿಲ್ಲ."

ಸಾಲಿನಲ್ಲಿದ್ದವನೊಬ್ಬ ಚೀಟಿಯಿಂದ ಮೇಜಿಗೆ ತಟ್ಟಿದ.

"ನೀವು ಯಾರ ಪರ ಎಂದು ಇನ್ನುಮೇಲೆ ಮರೆಯಬಾರದು," ಎಂದರು ಮೋಹಿನಿ.

"ಮರೆಯುವುದಿಲ್ಲ. ಕಂಪೆನಿಯ ಪರ."

"ಪತ್ರ ಇವತ್ತೇ ಕಳಿಸುತ್ತಾರೆ. ಒಂದನೇ ತಾರೀಖಿಗೆ ಬನ್ನಿ. ಆಮೇಲೆ, ಆ ಹಾಳೆಯಲ್ಲಿ ಅವಳಿಗೆ ಶಿವಕುಮಾರಿ ಎಂದು ಹೆಸರಿಟ್ಟಿದ್ದೇವೆ."

ಫೋನು ಇಟ್ಟೆ. ಮಾಮಿ ನನ್ನನ್ನೇ ನೋಡುತ್ತಿದ್ದರು.

"ಕೆಲಸ ಸಿಕ್ಕಿತು ಮಾಮಿ."

"ಹಾಗಾದರೆ ಇಳಿ ಅಲ್ಲಿಂದ. ಜನ ನಿಂತಿದ್ದಾರೆ."

ಇಳಿದೆ. ಮಾಮಿ ಮಂಡಿ ಹಿಡಿದುಕೊಂಡು ಸ್ಟೂಲು ಹತ್ತಿದರು. ಸಾಲಿನಲ್ಲಿದ್ದವರ ಚೀಟಿಗಳನ್ನು ಒಂದೊಂದಾಗಿ ಮುಗಿಸಿದರು. ಒಳಗಿನಿಂದ ಬಂದ ಭಾವ ವಿಷಯ ತಿಳಿದು ತಲೆ ಕೆರೆದುಕೊಂಡರು.

"ಊರು ಯಾವುದು, ಯಾರು ಕಳಿಸಿದ್ದು ಅಂತ ಕೇಳಿದ್ರಾ ಅವರು?"

"ಇಲ್ಲ ಭಾವ."

"ಮತ್ತೆ ಹೇಗೆ ತಗೊಂಡ್ರು?" ಎಂದು, ಗಲ್ಲಾಕ್ಕೆ ಬೇರೆ ಜನ ನೋಡಲು ಯಾರಿಗೋ ಫೋನು ಮಾಡುತ್ತ ಹೊರಗೆ ಹೋದರು.

ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಹೋಟೆಲು ಸ್ವಲ್ಪ ಖಾಲಿಯಾಗಿತ್ತು.

"ಎಂತ ಕೆಲಸ?" ಮಾಮಿ ಕೇಳಿದರು.

"ಗಂಡ ಸತ್ತವರ ಹತ್ತಿರ ಮಾತಾಡುವುದು."

ಮಾಮಿ ಚೀಟಿಗಳನ್ನು ಮೊಳೆಗೆ ಚುಚ್ಚಿದರು. "ಅವರು ಅತ್ತರೆ?"

"ನೀರು ಕೊಡ್ತೇನೆ."

ಒಬ್ಬ ಗಿರಾಕಿ ಬಂದು ಹೋದ. ಮಾಮಿ ಸೋಂಪಿನ ಬಟ್ಟಲನ್ನು ಮತ್ತೆ ಅದರ ಜಾಗಕ್ಕೆ ಸರಿಸಿದರು.

"ಅಳದಿದ್ದರೆ?"

"ಆಗಲೂ ಕೊಡ್ತೇನೆ."

ಮಾಮಿ ರಸ್ತೆಯ ಕಡೆ ನೋಡುತ್ತಿದ್ದರು. ಸ್ಟೇಷನ್ನಿಗೆ ಒಂದು ಗಾಡಿ ಬಂದಿರಬೇಕು, ಜನ ಹೊರಗೆ ಬರುತ್ತಿದ್ದರು. ಆಮೇಲೆ ಅವರು ಒಳಗೆ ತಿರುಗಿ ಕರೆದರು.

"ಐತ, ಇವಳಿಗೊಂದು ಲೋಟ ನೀರು ತಾ."